ಬಂಗಿನ ಬಾಣಂತನ

ಭರಮಸಾಗರ
22-2-2007, ಗುರುವಾರ

ಕೊನೆಗೂ ಮುಖದ ಕಪ್ಪು ಬಂಗಿಗೆ ಲೇಸರ್ ಮಾಡಿಸಿಕೊಂಡೆ. ದಾವಣಗೆರೆಯ ಚರ್ಮದ ಡಾಕ್ಟರಮ್ಮ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಮಲಗಿಸಿ, 'ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ ಆಗುತ್ತೆ, ಅಷ್ಟೇ' ಎಂದರು. ಅವರಿಗೆ ಯಾರೂ ರಬ್ಬರ್ ಬ್ಯಾಂಡಿನಿಂದ ಹೊಡೆದಿಲ್ಲ ಅಂತ ಕಾಣುತ್ತದೆ. ಒಗ್ಗರಣೆಯ ಸಾಸಿವೆ ಮುಖಕ್ಕೇ ಸಿಡಿದ ಹಾಗೆ ಚಟಚಟ ಬಿತ್ತು. ಕೂದಲು ಸುಟ್ಟ ವಾಸನೆ. ಈಗ ಎರಡೂ ಕೆನ್ನೆ, ಹಣೆ, ಮೂಗಿನ ಮೇಲೆ ಧಗಧಗ ಉರಿ.

ಮನೆಗೆ ಕಳಿಸುವ ಮುಂಚೆ ಡಾಕ್ಟರಮ್ಮ ಒಂದು ದೊಡ್ಡ ಪಾಠವನ್ನೇ ಮಾಡಿದರು. ಬಿಸಿಲಿಗೆ ಹೋಗಬಾರದು. ಹೋಗಲೇಬೇಕಾದರೆ ಕೊಡೆ, ಜೊತೆಗೆ ಬಿಳಿ ಕ್ರೀಮು. ಆ ಕ್ರೀಮನ್ನು ಮನೆಯೊಳಗಿದ್ದರೂ ಹಚ್ಚಬೇಕು. ಒಲೆಯ ಮುಂದೆ ನಿಲ್ಲಬಾರದು, ಆವಿ ತಗೋಬಾರದು, ಅರಿಶಿನ ಕಡಲೆಹಿಟ್ಟು ನಿಂಬೆಹಣ್ಣು ಯಾವುದೂ ಮುಖದ ಹತ್ತಿರ ಸುಳಿಯಬಾರದು. ತಣ್ಣೀರಲ್ಲಿ ತೊಳೆದು ಒತ್ತಿ ಒರೆಸಬೇಕು, ಉಜ್ಜಬಾರದು. ಊಟಕ್ಕೆ ಏನು ಎಂದು ಕೇಳಿದೆ. 'ಹಣ್ಣು, ಸೊಪ್ಪು, ತರಕಾರಿ ತಿನ್ನಿ, ನೀರು ಚೆನ್ನಾಗಿ ಕುಡೀರಿ, ಪಥ್ಯ ಏನೂ ಇಲ್ಲ' ಎಂದರು. ಪಥ್ಯ ಇಲ್ಲ ಅನ್ನುವುದನ್ನು ನಮ್ಮವ್ವನಿಗೆ ಹೇಳುವ ಧೈರ್ಯ ನನಗಿಲ್ಲ.

ಇವರು ಜೊತೆಗೆ ಬಂದಿದ್ದರು. ನನ್ನ ಗಂಡನನ್ನು ಹೊಳಲ್ಕೆರೆಯ ಗೊಬ್ಬರದ ಅಂಗಡಿಯಲ್ಲಿ ಎಲ್ಲರೂ ಪ್ರಸನ್ನಕುಮಾರ್ ಅಂತ ಬಾಯಿತುಂಬ ಕರೆಯುತ್ತಾರೆ. ನನಗೆ ಮಾತ್ರ ಹೆಸರು ಹಿಡಿಯುವ ರೂಢಿ ಬರಲಿಲ್ಲ, ಈ ಪುಸ್ತಕದಲ್ಲಿಯೂ. ದಾವಣಗೆರೆಯಲ್ಲಿ ಒಂದು ದೊಡ್ಡ ಕರಿ ಕೊಡೆ ಕೊಂಡುಕೊಟ್ಟರು. ಇಬ್ಬರು ನಿಲ್ಲಬಹುದು, ಅಷ್ಟು ದೊಡ್ಡದು. ಕೊಡುವಾಗ ಕೊಡೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬಸ್ಸಿನಲ್ಲಿ ಕಿಟಕಿ ನೋಡುತ್ತಾ ಕೂತರು. ಭರಮಸಾಗರದಲ್ಲಿ ನನ್ನನ್ನು ಇಳಿಸಿ, ಅವ್ವನ ಕೈಗೆ ಒಪ್ಪಿಸಿ, ಅದೇ ಬಸ್ಸಿನಲ್ಲಿ ಮುಂದಕ್ಕೆ ಹೋದರು.

ಎರಡು ವರ್ಷದ ಮೇಲೆ ತವರಿಗೆ ಬಂದಿದ್ದೇನೆ. 'ನಾನೇ ಹೊಳಲ್ಕೆರೆಗೆ ಬತ್ತೀನಿ ಕಣೇ, ನೀನ್ಯಾಕೆ ಇಲ್ಲಿಗೆ' ಎಂದು ಅವ್ವ ಎಷ್ಟೋ ಹೇಳಿದಳು. ನಾನೇ ಕೇಳಲಿಲ್ಲ. ಇಲ್ಲಿಂದ ದಾವಣಗೆರೆ ಹತ್ತಿರ. ಆಫೀಸಿಗೆ ರಜೆ ಹಾಕಿದ್ದಾಗಿದೆ.

23-2-2007, ಶುಕ್ರವಾರ

ಎದ್ದವಳೇ ಕನ್ನಡಿ ಹಿಡಿದೆ. ಬಂಗು ಹೋಗುವುದಿರಲಿ, ಇನ್ನೂ ಕಪ್ಪಾಗಿದೆ. ಹೀಗೇ ಆಗುತ್ತದೆ, ಸಣ್ಣ ಹಕ್ಕಳೆ ಕಟ್ಟಿ ತಾನಾಗಿ ಉದುರುತ್ತದೆ, ಕೆರೆಯಬೇಡಿ ಅಂತ ಡಾಕ್ಟರಮ್ಮ ಹೇಳಿದ್ದರು. ಆದರೂ ಹೆದರಿಕೆ. ತಿಂಡಿಗೆ ಮುಂಚೆ ನೋಡಿದೆ, ತಿಂಡಿ ಆದಮೇಲೆ ನೋಡಿದೆ, ಪಡಸಾಲೆಯ ಬೆಳಕಲ್ಲಿ ಒಮ್ಮೆ, ಹಿತ್ತಲ ಬಾಗಿಲಲ್ಲಿ ಒಮ್ಮೆ.

ಈ ಬಂಗಿಗೆ ನಾನು ಮಾಡದ ಉಪಚಾರವಿಲ್ಲ. ನಾನಿರುವುದು ಹೊಳಲ್ಕೆರೆಯ ದೂರವಾಣಿ ಕಚೇರಿಯ ಬಿಲ್ಲಿನ ಕಿಟಕಿಯಲ್ಲಿ. ಬಿಲ್ ಕಟ್ಟಲು ಬಂದ ಹೆಂಗಸರಿಗೆ ಚಿಲ್ಲರೆ ಎಣಿಸುವುದಕ್ಕಿಂತ ನನ್ನ ಮುಖ ನೋಡುವುದೇ ಹೆಚ್ಚು. 'ಮೇಡಮ್ಮೋರೇ, ಜಾಯಿಕಾಯಿ ತೇದು ಹಚ್ಚ್ರಿ.' 'ಹಾಲಿನ ಕೆನೆ ಹಚ್ಚ್ರಿ.' ಎಲ್ಲವನ್ನೂ ಹಚ್ಚಿದೆ. ಹಚ್ಚಿದ್ದೇ ಬಂತು.

ಇದು ಬಂದದ್ದು ಬಸುರಿಯಾಗಿದ್ದಾಗ, ಐದನೇ ತಿಂಗಳಲ್ಲಿ. ಹೆಣ್ಣು ಮಗು ತಾಯಿಯ ಬಣ್ಣ ತಗೊಳ್ಳುತ್ತದೆ, ಹೆತ್ತ ಮೇಲೆ ತಾನೇ ಹೋಗುತ್ತದೆ ಎಂದು ಎಲ್ಲರೂ ನಕ್ಕರು. ನಾನೂ ನಕ್ಕೆ. ಚೊಚ್ಚಲು ಅಂತ ಇದೇ ಮನೆಗೆ ಕರೆತಂದಿದ್ದರು. ತಿಂಗಳು ತುಂಬುವ ಹೊತ್ತಿಗೆ ಫಿಟ್ಸ್ ಬಂತು, ಕಾರು ಮಾಡಿ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದರಂತೆ. ಎಚ್ಚರವಾದಾಗ ಎಲ್ಲ ಮುಗಿದುಹೋಗಿತ್ತು. ಮಗು ಹುಟ್ಟಿತ್ತು, ಉಸಿರಾಡಲಿಲ್ಲ. ಹೆಣ್ಣು ಅಂತ ಆಯಾ ಹೇಳಿದಳು. ನನಗೆ ತೋರಿಸಲಿಲ್ಲ. ಎಲ್ಲಿಗೆ ತಗೊಂಡು ಹೋದಿರಿ ಅಂತ ಕೇಳಿದರೆ, ಇವರೂ ಅವ್ವನೂ ಬಾಯಿ ಬಿಡಲಿಲ್ಲ. ಆಸ್ಪತ್ರೆಯಿಂದ ನೇರ ಹೊಳಲ್ಕೆರೆಗೆ ಕರೆದೊಯ್ದರು. ಮಗುವಿಲ್ಲದವಳಿಗೆ ಎಂಥ ಬಾಣಂತನ ಅಂತ ಯಾರೋ ಅಂದರು. ರಜೆ ಮುಗಿಯುವ ಮುಂಚೆಯೇ ಆಫೀಸಿಗೆ ಹೋಗಿ ಕೂತೆ.

ಬಂಗು ಮಾತ್ರ ಹೋಗಲಿಲ್ಲ. ಅಂದಿನಿಂದ ಇವರು ನನ್ನ ಮುಖ ನೆಟ್ಟಗೆ ನೋಡಿದ್ದಿಲ್ಲ. ಅನ್ನ ಹಾಕಿದರೆ ತಟ್ಟೆ ನೋಡುತ್ತಾರೆ, ಮಾತಾಡಿಸಿದರೆ ಗೋಡೆ ನೋಡುತ್ತಾರೆ. ಮೊದಲು ಹಾಗಿರಲಿಲ್ಲ. ನಾನು ಜಡೆ ಹಾಕಿಕೊಳ್ಳುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನುಷ್ಯ. ಈ ಕಪ್ಪು ಹೋಗಲಿ, ಇನ್ನೊಂದು ಸಲ ಹಾಗೆ ನೋಡಲಿ. ನನಗೆ ಬೇಕಾದದ್ದು ಅಷ್ಟೇ.

ಮುಖದ ವಿಷಯ ಬರೆಯಲು ಕೂತು ಏನೇನೋ ಬರೆದೆ. ಇವತ್ತು ಕ್ರೀಮು ಮೂರು ಸಲ ಹಚ್ಚಿದ್ದೇನೆ.

25-2-2007, ಭಾನುವಾರ

ಪಥ್ಯ ಇಲ್ಲವೆಂದು ಹೇಳಿಯೇಬಿಟ್ಟೆ. ಅವ್ವ ಕೇಳಿಸಿಕೊಂಡಳು, ಅಷ್ಟೇ. 'ಮುಖ ಸುಟ್ಕಂಡು ಬಂದವಳಿಗೆ ಪಥ್ಯ ಇಲ್ವಂತೆ! ಆ ಡಾಕ್ಟ್ರು ಎಷ್ಟು ಹೆತ್ತವಳೆ?' ಬದನೆಕಾಯಿ ನಂಜು, ಶೇಂಗಾ ಪಿತ್ತ, ಪರಂಗಿಹಣ್ಣು ಉಷ್ಣ. ಡಾಕ್ಟರಮ್ಮ ಹೇಳಿದ ಹಣ್ಣುಗಳಲ್ಲಿ ಕಿತ್ತಳೆ ಒಂದು ಪಾಸಾಯಿತು, ಅದೂ ಮಧ್ಯಾಹ್ನ ಮಾತ್ರ. ಮೂರು ಹೊತ್ತೂ ಬೆಳ್ಳುಳ್ಳಿ ಮೆಣಸಿನ ಸಾರು, ಮೆತ್ತನೆ ಅನ್ನ, ತುಪ್ಪ, ಸಬ್ಬಸಿಗೆ ಸೊಪ್ಪಿನ ಪಲ್ಯ. ಗಾಳಿ ಹೊಗಬಾರದು ಅಂತ ತಲೆಗೂ ಕಿವಿಗೂ ಸೇರಿಸಿ ಹಳೇ ಮೆತ್ತನೆ ಬಟ್ಟೆ ಕಟ್ಟಿದ್ದಾಳೆ. ಕನ್ನಡಿಯಲ್ಲಿ ನೋಡಿದರೆ ಹಲ್ಲುನೋವಿನ ಮುದುಕಿಯ ಹಾಗೆ ಕಾಣುತ್ತೇನೆ.

ಇವರು ಬಂದಿದ್ದರು. ಬಂದದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಬಸ್ಸು ಹತ್ತು ಗಂಟೆಗೇ ಬಂದಿತ್ತು, ಸದ್ದು ನನಗೇ ಕೇಳಿಸಿತ್ತು. ಎಲ್ಲಿದ್ದಿರಿ ಅಂದರೆ, 'ಹೊಲಕ್ಕೆ ಹೋಗಿದ್ದೆ, ಮಣ್ಣು ನೋಡ್ಕಂಡು ಬರಾಣ ಅಂತ' ಎಂದರು. ಸುಗ್ಗಿ ಮುಗಿದು ಅವ್ವನ ಹೊಲ ಬೋಳಾಗಿ ಬಿದ್ದಿದೆ. ಗೊಬ್ಬರದ ಅಂಗಡಿಯವರಿಗೆ ಭಾನುವಾರವೂ ಮಣ್ಣೇ ಬೇಕು. ಹೊಳಲ್ಕೆರೆಯಲ್ಲಿದ್ದಾಗಲೂ ತಿಂಗಳಿಗೊಂದು ಭಾನುವಾರ ಚಿತ್ರದುರ್ಗದ ಗೋದಾಮಿಗೆ ಅಂತ ಹೊರಟುಬಿಡುತ್ತಾರೆ. ಹೆಂಡತಿ ಎದುರು ಕೂತಿರುವುದಕ್ಕಿಂತ ಯೂರಿಯಾ ಮೂಟೆ ಎದುರು ಕೂತಿರುವುದು ಮೇಲು ಅನ್ನಿಸಿರಬೇಕು.

ಉಂಡರು. 'ಉರಿ ಐತಾ?' ಎಂದು ಕೇಳಿದರು, ಕಂಬವನ್ನು. ಹೊರಟರು.

28-2-2007, ಬುಧವಾರ

ಇವತ್ತು ಜಗಳ. ಸ್ನಾನ ಮಾಡಿ ಬಂದು ಕೂತಿದ್ದೆ. ಅವ್ವ ಕೆಂಡ ತುಂಬಿದ ಅಗ್ಗಿಷ್ಟಿಕೆ ತಂದು ಮುಂದಿಟ್ಟಳು, ಲೋಬಾನ ಉದುರಿಸಿದಳು, ನಾನು ಏನು ಎತ್ತ ಅನ್ನುವುದರೊಳಗೆ ಹಿಂದಿನಿಂದ ತಲೆ ಬಗ್ಗಿಸಿ ಮೇಲೆ ಕಂಬಳಿ ಹೊದಿಸಿದಳು. 'ಉಸಿರು ಎಳ್ಕಾ ತಾಯಿ, ಮೈಯಾಗಿನ ಥಂಡಿ ಎಲ್ಲ ಹೋಗ್ಲಿ.' ಬಿಸಿ ಕೆನ್ನೆಗೆ ಬಡಿದು ಪ್ರಾಣ ಹೋದ ಹಾಗಾಯಿತು. ಕಂಬಳಿ ಕಿತ್ತೆಸೆದೆ.

'ಬಿಸಿ ತಗುಲಬಾರ್ದು ಅಂತ ಬಡ್ಕಂಡಿದೀನಲ್ಲ! ಬೆಳ್ಳುಳ್ಳಿ ಅಂತೆ, ಸಬ್ಬಸಿಗೆ ಅಂತೆ, ತಲೆಗೆ ಬಟ್ಟೆ ಅಂತೆ, ಈಗ ಇದೊಂದು. ನಾನೇನು ಬಾಣಂತಿನಾ?'

ಅವ್ವ ಅಗ್ಗಿಷ್ಟಿಕೆಯನ್ನು ಸೆರಗಿನಲ್ಲಿ ಹಿಡಿದು ಹಿತ್ತಲಿಗೆ ಒಯ್ದಳು. ಕೆಂಡದ ಮೇಲೆ ನೀರು ಸುರಿದ ಸದ್ದು ಕೇಳಿಸಿತು. ಬಹಳ ಹೊತ್ತು ಒಳಗೆ ಬರಲಿಲ್ಲ.

1-3-2007

ಮುಖ ಕೆಂಪು. ಅವ್ವನ ಮಾತಿಲ್ಲ. ಸಾರಿಗೆ ಬೆಳ್ಳುಳ್ಳಿ ಹಾಕಿಲ್ಲ, ರುಚಿಯೂ ಇಲ್ಲ.

4-3-2007, ಭಾನುವಾರ

ಕೆಂಪು ಇಳಿದಿದೆ. ಕೆನ್ನೆಯಲ್ಲಿ ಹಕ್ಕಳೆ ಸಣ್ಣಗೆ ಉದುರುತ್ತಿದೆ, ಕೆಳಗಿನ ಚರ್ಮ ತಿಳಿಯಾಗಿ ಕಾಣುತ್ತದೆ. ಇವರಿಗೆ ತೋರಿಸಬೇಕು ಅಂತ ಬೆಳಿಗ್ಗೆಯೇ ಎದ್ದು ತಲೆ ಬಾಚಿ ಹಸಿರು ಸೀರೆ ಉಟ್ಟು ಕೂತೆ. ಕ್ರೀಮು ಹಚ್ಚಿದ್ದು ಬಿಳಿಬಿಳಿಯಾಗಿ ಉಳಿಯದ ಹಾಗೆ ತೀಡಿಕೊಂಡೆ.

ಇವತ್ತೂ ಹೊಲದ ಮಣ್ಣೇ ಗೆದ್ದಿತು. ಬರುವಾಗ ಪ್ಯಾಂಟಿನ ಮೊಣಕಾಲಿಗೆ ಕೆಮ್ಮಣ್ಣು ಮೆತ್ತಿತ್ತು. ಮಣ್ಣು ನೋಡುವವರು ಮೊಣಕಾಲೂರಿ ನೋಡುತ್ತಾರೋ ಏನೋ. 'ನಾನೂ ಬರಲೇನ್ರಿ ಮುಂದಿನ ವಾರ? ಕೊಡೆ ಐತಲ್ಲ, ಹೋಗಾಣ' ಎಂದೆ. ಇವರು ಅವ್ವನ ಮುಖ ನೋಡಿದರು. ಅವ್ವ ನಾಲ್ಕು ದಿನದ ಮೇಲೆ ಬಾಯಿ ಬಿಟ್ಟಳು. 'ಬ್ಯಾಡ ಬ್ಯಾಡ, ಬಿಸ್ಲಾಗೆ ಹೋಗಬಾರ್ದು ಅಂತ ಡಾಕ್ಟ್ರು ಹೇಳಿಲ್ವಾ?' ಡಾಕ್ಟರಮ್ಮನ ಮಾತಿನಲ್ಲಿ ಅವ್ವ ನಡೆಸುವುದು ಇದೊಂದನ್ನೇ. ಮನೆಯಿಂದ ಹೊಲಕ್ಕೆ ಎಷ್ಟು ದೂರ? ಕೆರೆ ಏರಿ ಇಳಿದರೆ ಸಿಕ್ಕಿತು. ಹುಡುಗಿಯಾಗಿದ್ದಾಗ ದಿನಾ ಓಡಾಡಿದ ಹಾದಿ.

ಹಸಿರು ಸೀರೆ ಮಡಿಸಿಟ್ಟೆ. ನೋಡಲಿಲ್ಲ ಅವರು. ನನಗೆ ಅಳು ಬಂತು. ಅತ್ತರೆ ಕಣ್ಣೀರಿನ ಉಪ್ಪು ಕೆನ್ನೆಗೆ ಉರಿಯುತ್ತದೆ, ಅದಕ್ಕೆ ಬೇಗ ನಿಲ್ಲಿಸಿದೆ.

8-3-2007, ಗುರುವಾರ

ಬೆಳಿಗ್ಗೆ ನಾನೇ ಹೋಗಿ ಅವ್ವನ ಮುಂದೆ ಕೂತು, 'ಬಟ್ಟೆ ಕಟ್ಟವ್ವ, ಕಿವಿಗೆ ಗಾಳಿ ಹೊಗುತ್ತೆ' ಎಂದೆ. ಕಟ್ಟಿದಳು. ಕಟ್ಟುವಾಗ ಅವಳ ಬೆರಳು ನನ್ನ ತಲೆಯ ಮೇಲೆ ಅಷ್ಟು ಹೊತ್ತು ಯಾಕಿದ್ದವೋ. ಮಧ್ಯಾಹ್ನ ಪೆಟ್ಟಿಗೆ ತೆಗೆದು ಒಂದು ಡಬ್ಬಿ ತಂದಳು. ಅಂಟಿನುಂಡೆ. 'ಮೊನ್ನೆ ಕಟ್ಟಿದೆ' ಎಂದಳು. ಕೊಬ್ಬರಿ, ಉತ್ತುತ್ತೆ, ಗೋಡಂಬಿ, ತುಪ್ಪದಲ್ಲಿ ಹುರಿದ ಅಂಟು. ಬಂಗಿಗೂ ಅಂಟಿನುಂಡೆಗೂ ಏನು ಸಂಬಂಧ ಎಂದು ಕೇಳುವವಳಿದ್ದೆ, ಕೇಳಲಿಲ್ಲ. ಎರಡು ತಿಂದೆ. ಬಹಳ ಚೆನ್ನಾಗಿದ್ದವು.

ಸಂಜೆ ದುರುಗಕ್ಕ ಬಂದಿದ್ದಳು. ಹಿಂದಿನ ಬೀದಿಯ ಅಜ್ಜಿ. ನನಗೆ ಎಣ್ಣೆ ನೀರು ಹಾಕಿ ಬೆಳೆಸಿದವಳು, ಈಗ ಕಣ್ಣು ಮಂಜು, ನೆನಪೂ ಅಷ್ಟಕ್ಕಷ್ಟೇ. ಅವ್ವ ನೀರು ತರಲು ಹೋಗಿದ್ದಳು. ದುರುಗಕ್ಕ ಗೋಡೆ ಹಿಡಿದುಕೊಂಡು ಒಳಗೆ ಬಂದು, ಕೈಯಿಂದ ನನ್ನ ತಲೆ ಮುಟ್ಟಿ ನೋಡಿದಳು. ಬಟ್ಟೆ ಸಿಕ್ಕಿತು. ಬೆಳ್ಳುಳ್ಳಿ ವಾಸನೆ, ಅಂಟಿನುಂಡೆ ಡಬ್ಬಿ. ಮುಖ ಅರಳಿತು.

'ಏಕಾಂತಮ್ಮನ ಮಗಳಲ್ವೇನೇ? ಬಾಣಂತನಕ್ಕೆ ಬಂದೀಯಾ ನನ್ನವ್ವ? ಏನು ಮಗ?'

'ಹೆಣ್ಣು' ಎಂದೆ.

'ಲಕ್ಷ್ಮಿ ಬಂದಳು ಬಿಡು. ಮಲಗೈತಾ? ಎಬ್ಬಿಸಬ್ಯಾಡ, ಮಲಗ್ಲಿ. ಯಾರ ಹಂಗೈತೆ? ನಿನ್ನ ಹಂಗೋ, ಅವರಪ್ಪನ ಹಂಗೋ?'

'ಗೊತ್ತಿಲ್ಲ ಅಜ್ಜಿ' ಎಂದೆ. 'ಎಳೇ ಕೂಸು, ಈಗ್ಲೇ ಗೊತ್ತಾಗಲ್ಲ ಬಿಡು, ಮೂರು ತಿಂಗಳಾಗ್ಲಿ' ಎಂದು ದುರುಗಕ್ಕ ಸೊಂಟದಿಂದ ಎಲೆಅಡಿಕೆ ತೆಗೆದು ನನಗೂ ಕೊಟ್ಟಳು. ಬಾಣಂತಿ ಎಲೆ ಹಾಕಿಕೊಳ್ಳಬೇಕು ಎಂದಳು. ಹಾಕಿಕೊಂಡೆ. ಅವಳು ಹೋಗುವ ತನಕ ಇಬ್ಬರೂ ದನಿ ತಗ್ಗಿಸಿಯೇ ಮಾತಾಡಿದೆವು.

ಅವ್ವನಿಗೆ ಹೇಳಲಿಲ್ಲ.

9-3-2007

ಯಾರ ಹಾಗಿದ್ದಳು?

ತೊಟ್ಟಿಲಲ್ಲಿ ಮಲಗಿದ್ದಾಳೆ ಅಂದುಕೊಂಡರೆ ಮೈ ಕಾಣುತ್ತದೆ, ಕುಲಾವಿ ಕಾಣುತ್ತದೆ, ಮುಷ್ಟಿ ಕಾಣುತ್ತದೆ. ಮುಖ ಇರಬೇಕಾದ ಕಡೆ ಏನೂ ಇಲ್ಲ. ಎರಡು ವರ್ಷದಿಂದ ಹೀಗೇ. ಎಲ್ಲರ ಮನೆಯ ಮಕ್ಕಳ ಮುಖವನ್ನೂ ಇಟ್ಟು ನೋಡಿದ್ದೇನೆ, ಯಾವುದೂ ಕೂರುವುದಿಲ್ಲ. ಒಂದು ಸಲ, ಒಂದೇ ಸಲ ನೋಡಲು ಬಿಟ್ಟಿದ್ದರೆ ಇವರ ಗಂಟೇನು ಹೋಗುತ್ತಿತ್ತು?

15-3-2007, ಗುರುವಾರ

ದಾವಣಗೆರೆಗೆ ಹೋಗಿ ಬಂದೆವು, ಅವ್ವನೂ ನಾನೂ. ಡಾಕ್ಟರಮ್ಮನಿಗೆ ಖುಷಿ. 'ಅರ್ಧಕ್ಕರ್ಧ ಹೋಗಿದೆ ನೋಡಿ' ಎಂದು ಕನ್ನಡಿ ಕೊಟ್ಟರು. ಹೌದು ಮೇಡಂ ಎಂದೆ. ತಿಂಗಳ ಕೊನೆಗೆ ಇನ್ನೊಂದು ಸಲ ಲೇಸರ್. ಪೂರ್ತಿ ಹೋಗುತ್ತದೆ ಅಂತ ಮಾತು ಕೊಡುವುದಿಲ್ಲ, ಬಿಸಿಲಿಗೆ ಬಿದ್ದರೆ ಮತ್ತೆ ಬರುವುದೇ ಬಂಗಿನ ಸ್ವಭಾವ ಎಂದರು. ಕ್ರೀಮು ದಿನಾ ಹಚ್ಚುತ್ತಿದ್ದೀರಾ ಎಂದರು. ಹಚ್ಚುತ್ತಿದ್ದೇನೆ ಎಂದೆ. ಬಹುಶಃ ಎರಡು ದಿನ ಮರೆತಿದ್ದೇನೆ.

ಬರುವಾಗ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಒಂದು ಕೂಸು ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿತ್ತು. ಅವ್ವ ಕಿಟಕಿ ಪರದೆ ಸರಿಮಾಡುವ ನೆಪದಲ್ಲಿ ಅಡ್ಡ ಬಂದಳು. 'ಇರಲಿ ಬಿಡವ್ವ' ಎಂದೆ.

18-3-2007, ಭಾನುವಾರ

ಅಮಾವಾಸ್ಯೆ. ಇವರು ಇವತ್ತು ಮೊದಲು ಮನೆಗೇ ಬಂದರು. ನನಗೆ ಆಶ್ಚರ್ಯ. ಆದರೆ ನನಗಾಗಿ ಬಂದದ್ದಲ್ಲ. ಅವ್ವ ಸಣ್ಣ ಹಿತ್ತಾಳೆ ಚೊಂಬಿನಲ್ಲಿ ಹಾಲು ಕಾಸಿ ಆರಿಸಿಟ್ಟಿದ್ದಳು. ಮೇಲೊಂದು ಬಾಳೆಲೆ ಮುಚ್ಚಿ ಇವರ ಕೈಗೆ ಕೊಟ್ಟಳು. ಇವರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಟರು.

'ಎಲ್ಲಿಗವ್ವ ಹಾಲು?'

'ಹೊಲ್ದಾಗೆ ಹುತ್ತ ಐತಲ್ಲ, ಅದಕ್ಕೆ.'

'ನಾಗಪ್ಪನಿಗೆ ಹಾಲು ಕಾಸ್ತಾರಾ?'

ಅವ್ವ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ತೊಳೆದ ಪಾತ್ರೆಯನ್ನೇ ತೊಳೆಯುತ್ತಿದ್ದಳು.

ಇವರು ಬರಿ ಚೊಂಬಿನೊಂದಿಗೆ ಬಂದರು. ಕಣ್ಣು ಕೆಂಪಾಗಿತ್ತು. ಬಿಸಿಲು ಅಂತ ಅಂದುಕೊಂಡೆ. ಅಷ್ಟು ದೊಡ್ಡ ಕೊಡೆ ಮನೆಯಲ್ಲೇ ಇದೆ, ತಗೊಂಡು ಹೋಗಬಾರದಿತ್ತೇ.

20-3-2007, ಮಂಗಳವಾರ

ದಾಸಣ್ಣ ಮಾವ ಬಂದಿದ್ದ. ಅವ್ವನ ತಮ್ಮ. ಅಪ್ಪ ಹೋದ ಮೇಲೆ ನಮ್ಮ ಹೊಲ ಮಾಡುವವನು ಅವನೇ. ಅವ್ವ ಸಂತೆಗೆ ಹೋಗಿದ್ದಳು. ಮಜ್ಜಿಗೆ ಕೊಟ್ಟು ಅದು ಇದು ಮಾತಾಡಿದೆ. ಮಳೆ ಬಿದ್ದರೆ ಉಳುಮೆ ಮಾಡಬೇಕು, ಈ ಸಲ ಮೆಕ್ಕೆಜೋಳ ಹಾಕಬೇಕು ಎಂದ. ನಾನು ಸುಮ್ಮನೆ ಮಾತಿಗೆ ಮಾತು ಅಂತ, 'ಹುತ್ತದ ಕಡೆ ಹುಷಾರು ಮಾವ, ಹಾವು ಇದ್ದಾವು' ಎಂದೆ.

'ಹುತ್ತನಾ? ನಮ್ಮ ಹೊಲ್ದಾಗೆ ಹುತ್ತ ಎಲ್ಲೈತವ್ವ? ನಾನು ಹುಟ್ಟಿದಾಗಿಂದ ನೋಡಿಲ್ಲ.'

'ಹೊಂಗೆ ಮರದ ಹತ್ರ...' ಎಂದೆ. ಹೊಂಗೆ ಮರ ನನ್ನ ಬಾಯಿಗೆ ಹೇಗೆ ಬಂತೋ ಗೊತ್ತಿಲ್ಲ. ಹೊಲದಲ್ಲಿ ಇರುವ ಮರ ಅದೊಂದೇ.

ಮಾವನ ಮಜ್ಜಿಗೆ ಲೋಟ ಬಾಯಿಯ ಹತ್ತಿರ ನಿಂತಿತು. 'ಅಲ್ಲಿ ನೇಗಿಲು ಹಾಕಲ್ಲ ಬಿಡು' ಎಂದ. ಆಮೇಲೆ ಲೋಟ ಕೆಳಗಿಟ್ಟು, ಟವಲ್ಲು ಹೆಗಲಿಗೆ ಹಾಕಿ, ಕೆಲಸ ಐತೆ ಅಂತ ಎದ್ದು ಹೋದ. ಮಜ್ಜಿಗೆ ಅರ್ಧ ಉಳಿದಿತ್ತು.

ನಾನು ಬಾಗಿಲಲ್ಲಿ ನಿಂತೇ ಇದ್ದೆ. ಬಿಸಿಲು ಕಾಲಿನಿಂದ ಮೇಲಕ್ಕೆ ಬಂದು ಮುಖದ ತನಕ ಬಂದಿತ್ತಂತೆ. ಅವ್ವ ಬಂದು ಒಳಗೆ ಎಳೆದುಕೊಂಡಳು.

'ಅವ್ವ, ಹೊಲದಾಗೆ ಅವಳು ಅದಾಳಾ?' ಎಂದೆ.

ಅವ್ವ ಸಂತೆಯ ಚೀಲ ಹಿಡಿದುಕೊಂಡೇ ಕುಸಿದು ಕೂತಳು.

21-3-2007, ಬುಧವಾರ

ಅವ್ವ ಎಲ್ಲವನ್ನೂ ಹೇಳಿದಳು. ಅಳುತ್ತಾ ಅಲ್ಲ. ಕಾಳು ಆರಿಸುತ್ತಾ, ತಲೆ ಎತ್ತದೆ.

ಚಿತ್ರದುರ್ಗದಲ್ಲೇ ಎಲ್ಲಾದರೂ ಮಾಡಿ ಮುಗಿಸೋಣ ಅಂತ ದಾಸಣ್ಣ ಮಾವ ಹೇಳಿದನಂತೆ. ಇವರು ಒಪ್ಪಲಿಲ್ಲವಂತೆ. 'ಗುರುತಿಲ್ಲದ ಜಾಗದಾಗೆ ಬಿಡಲ್ಲ, ಅವಳ ತವರಿನ ಹೊಲ್ದಾಗೆ ಇಡಾಣ' ಎಂದರಂತೆ. ಕಾರಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಬಂದರಂತೆ. ಮಾವ ಕೈ ಚಾಚಿದರೂ ಕೊಡಲಿಲ್ಲವಂತೆ. ಮುಖದ ಮೇಲಿನ ಬಟ್ಟೆ ಸರಿಸಿ ನೋಡುತ್ತಲೇ ಇದ್ದರಂತೆ.

'ನನಗ್ಯಾಕೆ ಹೇಳಲಿಲ್ಲ?'

'ಹೆತ್ತವಳಿಗೆ ಜಾಗ ತೋರಿಸಬಾರ್ದು ಕಣೇ. ತೋರಿಸಿದ್ರೆ ಕಾಲು ಅತ್ತಾಗೇ ಎಳಿತಾವೆ, ಇನ್ನೊಂದು ಮಗೀನ ಕಡೆ ಮನಸ್ಸು ತಿರುಗಲ್ಲ ಅಂತಾರೆ. ನಮ್ಮತ್ತೆ ನನಗೂ ತೋರಿಸಲಿಲ್ಲ. ನಿನಗಿಂತ ಮುಂಚೆ ಒಂದಿತ್ತು.'

ನನಗಿಂತ ಮುಂಚೆ ಒಂದಿತ್ತು ಅನ್ನುವುದು ನನಗೆ ಇವತ್ತೇ ಗೊತ್ತಾದದ್ದು.

'ಎಲ್ಲಿ ಅಂತ ಗೊತ್ತಾಯ್ತಾ ಅವ್ವ, ಆಮೇಲೆ?'

'ಇಲ್ಲ' ಎಂದಳು. ಕಾಳು ಆರಿಸುವುದನ್ನು ಬಿಟ್ಟಳು. 'ಎಲ್ಲಿ ನಡೆದ್ರೂ ಇಲ್ಲೇ ಇರಬೌದು ಅನ್ನಿಸ್ತಿತ್ತು. ನೋಡಿ ನೋಡಿ ಕಾಲಿಡ್ತಿದ್ದೆ.'

ಇವರು ತಿಂಗಳಿಗೊಂದು ಸಲ ಬರುತ್ತಿದ್ದರಂತೆ, ಮನೆಗೂ ಬರದೆ, ಹೊಲಕ್ಕೆ ಬಂದು ಹಾಗೇ ಬಸ್ಸು ಹತ್ತುತ್ತಿದ್ದರಂತೆ. ಗೋದಾಮು. ಯೂರಿಯಾ ಮೂಟೆ. ನಾನು ಇಲ್ಲಿ ಬರೆದದ್ದನ್ನು ತಿರುಗಿಸಿ ಓದಿದೆ, ಹೊಡೆದುಹಾಕಬೇಕು ಅನ್ನಿಸಿತು. ಇರಲಿ.

ಸಂಜೆ ಅವ್ವ ತಾನೇ ಬಂದು ತಲೆಗೆ ಬಟ್ಟೆ ಕಟ್ಟಿದಳು. 'ಎರಡು ವರ್ಷದಿಂದ ಎತ್ತಿಟ್ಟಿದ್ದೆ ಈ ಬಟ್ಟೆನ' ಎಂದಳು. ಅವಳ ಮಡಿಲಲ್ಲಿ ತಲೆಯಿಟ್ಟು ಮಲಗಿದೆ. ಲೋಬಾನ ಹಾಕವ್ವ, ದೂರದಲ್ಲಿಟ್ಟು ಹಾಕು ಎಂದೆ. ಬಾಗಿಲ ಹತ್ತಿರ ಇಟ್ಟು ಹಾಕಿದಳು. ಹೊಗೆ ಮನೆಯೆಲ್ಲ ತುಂಬಿತು.

25-3-2007, ಭಾನುವಾರ

ಹತ್ತು ಗಂಟೆಯ ಬಸ್ಸಿಗೆ ನಾನೇ ಹೋಗಿ ರಸ್ತೆಯಲ್ಲಿ ನಿಂತಿದ್ದೆ, ಕೊಡೆ ಹಿಡಿದು. ಇವರು ಇಳಿದವರು ನನ್ನನ್ನು ನೋಡಿ ಗಾಬರಿಯಾದರು. 'ಬಿಸ್ಲಾಗೆ ಯಾಕೆ ಬಂದೆ? ಮುಖ...' ಎಂದು ಅಲ್ಲಿಗೇ ನಿಲ್ಲಿಸಿದರು.

'ನಡೀರಿ, ಹೋಗಾಣ' ಎಂದೆ. 'ಅವ್ವ ಹೇಳಿದಳು.'

ಇವರು ಕೊಡೆ ತಗೊಂಡು ನನ್ನ ಮೇಲೆ ಹಿಡಿದರು. ಕೆರೆ ಏರಿಯ ಮೇಲೆ ಎದುರಾದ ನಾಗಕ್ಕ, ದನ ಹೊಡೆದುಕೊಂಡು ಹೋಗುತ್ತಿದ್ದವಳು, 'ಏನ್ರವ್ವ, ಮಳೆ ಇಲ್ದೆ ಕೊಡೆ! ಗಂಡನ ಕೈಲಿ ಹಿಡಿಸ್ಕಂಡು ಹೊಂಟೀಯಲ್ಲ ಮಹಾರಾಣಿ' ಎಂದು ನಕ್ಕಳು. ನಾನೂ ನಕ್ಕೆ. ಇವರು ತಲೆ ತಗ್ಗಿಸಿ ನಡೆದರು. ಇವರ ಅರ್ಧ ಮೈ ಬಿಸಿಲಲ್ಲೇ ಇತ್ತು.

ಹೊಂಗೆ ಮರ ಎಲೆಯೆಲ್ಲ ಉದುರಿಸಿಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಮೊರದಷ್ಟು ಅಗಲ ನೆಲ, ಸುತ್ತ ಕೈಯಲ್ಲಿ ಆರಿಸಿ ಜೋಡಿಸಿದ ಬಿಳಿ ಕಲ್ಲು. ಹಾಲು ಬಿದ್ದು ಒಣಗಿದ ಕಲೆ. ಒಂದು ಕಸ ಕಡ್ಡಿ ಇರಲಿಲ್ಲ. ಇಷ್ಟೇ ಇಷ್ಟು ಜಾಗ. ಇಷ್ಟರಲ್ಲಿ ಹಿಡಿಸುವಷ್ಟೇ ಇದ್ದಳು.

ಕೂತೆ. ಮುಟ್ಟಿ ನೋಡಿದೆ. ನೆಲ ಕಾದು ಸುಡುತ್ತಿತ್ತು. ಅಷ್ಟು ದೊಡ್ಡ ಮರ, ಒಂದು ಹಿಡಿ ನೆರಳಿಲ್ಲ. ಇವರ ಕೈಯಿಂದ ಕೊಡೆ ತಗೊಂಡು ಅವಳ ಮೇಲೆ ಹಿಡಿದೆ.

'ನಿನ್ನ ಮುಖಕ್ಕೆ ಬಿಸಿಲು ಬೀಳ್ತೈತೆ, ಉಷಾ.'

'ಬೀಳ್ಲಿ ಬಿಡ್ರಿ.'

ಇವರೂ ಪಕ್ಕದಲ್ಲಿ ಮೊಣಕಾಲೂರಿ ಕೂತರು. ಎಷ್ಟು ಹೊತ್ತೋ. ನನಗೆ ಕೇಳಲು ಇದ್ದದ್ದು ಒಂದೇ. ದುರುಗಕ್ಕ ಕೇಳಿದ್ದನ್ನೇ ಕೇಳಿದೆ.

'ಯಾರ ಹಂಗಿದ್ಲು?'

ಇವರು ನನ್ನ ಕಡೆ ತಿರುಗಿದರು. ಎರಡು ವರ್ಷದ ಮೇಲೆ ನೆಟ್ಟಗೆ, ಬಿಸಿಲಲ್ಲಿ, ಕಣ್ಣು ತೆಗೆಯದೆ ನೋಡಿದರು.

'ನಿನ್ನ ಹಂಗೇ. ಹಣೆ, ಮೂಗು, ಗದ್ದದ ಗುಳಿ, ಎಲ್ಲಾ ನಿನ್ನದೇ. ಅದಕ್ಕೇ ನಿನ್ನ ನೋಡಕ್ಕೆ ಆಗ್ತಿರ್ಲಿಲ್ಲ ನನಗೆ.'

ಕೊಡೆ ಹಿಡಿದ ನನ್ನ ಕೈಗೆ ಇವರು ಕೈ ಸೇರಿಸಿದರು. ಇಬ್ಬರೂ ಅತ್ತೆವು. ಅಳುವಾಗಲೂ ಇವರು ಮುಖ ತಿರುಗಿಸಲಿಲ್ಲ.

26-3-2007, ಸೋಮವಾರ

ಮುಖ ಕೆಂಪಾಗಿದೆ, ಉರಿಯೂ ಇದೆ. ಡಾಕ್ಟರಮ್ಮನಿಗೆ ಗೊತ್ತಾದರೆ ಬಯ್ಯುತ್ತಾರೆ. ಎರಡನೇ ಸಲಕ್ಕೆ ಹೋಗುತ್ತೇನೋ ಇಲ್ಲವೋ ಇನ್ನೂ ಯೋಚಿಸಿಲ್ಲ. ಇವರು ನಿನ್ನೆ ಊರಿಗೆ ಹೋಗಲಿಲ್ಲ, ಅಂಗಡಿಗೆ ಫೋನು ಮಾಡಿ ರಜೆ ಹೇಳಿದರು. ಬೆಳಿಗ್ಗೆ ಅವ್ವನ ಬೆಳ್ಳುಳ್ಳಿ ಸಾರು ಉಂಡು, ಇನ್ನಷ್ಟು ಹಾಕಿಸಿಕೊಂಡರು.

ಕೊಡೆ ಎಲ್ಲಿ ಎಂದು ಅವ್ವ ಕೇಳಿದಳು. ಹೊಲದಲ್ಲಿ ಎಂದೆ. ಹೊಂಗೆ ಚಿಗುರುವ ತನಕ ಅಲ್ಲೇ ಇರಲಿ ಅಂತ ಇವರು ಗೂಟ ನೆಟ್ಟು ಕಟ್ಟಿ ಬಂದಿದ್ದಾರೆ. 'ಗಾಳಿಗೆ ಹಾರದಂಗೆ ಕಟ್ಟವ್ರಾ?' ಎಂದಳು.

ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಬಹಳ ದಿನದ ಮೇಲೆ, ಕನ್ನಡಿ ತಗೊಂಡು ಬೆಳಕಿಗೆ ಕೂತೆ. ಹಣೆ ನೋಡಿದೆ. ಮೂಗು ನೋಡಿದೆ. ಗದ್ದದ ಗುಳಿ ನೋಡಿದೆ. ತಲೆಯ ಬಟ್ಟೆಯನ್ನು ಹಣೆಯ ತನಕ ಎಳೆದು, ಕುಲಾವಿಯ ಹಾಗೆ ಮಾಡಿಕೊಂಡು, ಇನ್ನೊಮ್ಮೆ ನೋಡಿದೆ.